ತೂತಿನ ಕೆಳಗಿನ ಬೂದು ಚುಕ್ಕೆ

ಏರ್ ರೈಫಲಿನ ಪುಟ್ಟ ಸೀಸದ ಪೆಲೆಟ್ ತಗಡಿಗೆ ಬಡಿದರೆ 'ಟಪ್'. ತೂತಿನೊಳಗೆ ನುಗ್ಗಿ ಹಿಂದಿನ ಪಟ್ಟಿಗೆ ಬಡಿದರೆ 'ಟಣ್', ಅದರ ಬೆನ್ನಿಗೇ ತಗಡು ಹಿಂದಕ್ಕೆ ಮಗುಚಿದ ಸದ್ದು. ನನ್ನ ಮೊದಲ ಫೀಲ್ಡ್ ಟಾರ್ಗೆಟ್ ಸ್ಪರ್ಧೆ ಮುಗಿದ ರಾತ್ರಿ ಕಣ್ಣು ಮುಚ್ಚಿದರೂ ಈ ಎರಡು ಸದ್ದುಗಳೇ ಕೇಳುತ್ತಿದ್ದವು. 40 ಗುರಿಗಳಲ್ಲಿ 28 ಬಿದ್ದವು, 12 ಬೀಳಲಿಲ್ಲ. ಬೀಳದ ಆ 12ರ ಬಗ್ಗೆಯೇ ಇಲ್ಲಿ ಹೆಚ್ಚು ಬರೆಯುತ್ತೇನೆ. ಅವುಗಳಲ್ಲಿ ಬಹುಪಾಲು ಕೈ ನಡುಗಿ ತಪ್ಪಿದವಲ್ಲ. ಗುರಿ ಹಿಡಿಯುವ ಕೂಡುಗೆರೆ, ಅಂದರೆ ಕ್ರಾಸ್‌ಹೇರ್, ಎಲ್ಲಿರಬೇಕೆಂದು ನಾನು ತೀರ್ಮಾನಿಸಿದ್ದೆನೋ ಅಲ್ಲೇ ಇತ್ತು, ಟ್ರಿಗರ್ ಒತ್ತಿದ್ದೂ ಸರಿಯಾಗಿಯೇ ಇತ್ತು. ತೀರ್ಮಾನವೇ ತಪ್ಪಾಗಿತ್ತು.

ಈ ಆಟ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಫೀಲ್ಡ್ ಟಾರ್ಗೆಟ್ ಶುರುವಾದದ್ದು 1980ರಲ್ಲಿ, ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ. ಏರ್ ರೈಫಲ್ ಎಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು 1984ರಲ್ಲಿ ಒಲಿಂಪಿಕ್ಸ್‌ಗೆ ಸೇರಿದ ಹತ್ತು ಮೀಟರ್ ಸ್ಪರ್ಧೆ. ಅಲ್ಲಿ ದೂರ ಮೊದಲೇ ಗೊತ್ತು, ಗಾಳಿಯ ಕಾಟವಿಲ್ಲ, ಬೆಳಕು ಒಂದೇ ಸಮ. ಇಲ್ಲಿ ಬಯಲು, ಮರದ ನೆರಳು, ಇಳಿಜಾರು. ಕಾಗೆ, ಮೊಲ, ಇಲಿ, ಅಳಿಲಿನ ಆಕಾರಕ್ಕೆ ಕತ್ತರಿಸಿದ ಲೋಹದ ತಗಡುಗಳನ್ನು ಸುಮಾರು 9 ಮೀಟರಿನಿಂದ 50 ಮೀಟರಿನವರೆಗೆ ಹುಲ್ಲಲ್ಲಿ, ಬೇರಿನ ಸಂದಿಯಲ್ಲಿ, ಕೊಂಬೆಯ ಮೇಲೆ ಎಲ್ಲೆಲ್ಲೋ ನಿಲ್ಲಿಸಿರುತ್ತಾರೆ. ಪ್ರತಿ ತಗಡಿನಲ್ಲೂ ಒಂದು ದುಂಡು ತೂತು. ದೂರದ್ದಕ್ಕೆ 40 ಮಿಲಿಮೀಟರ್, ಹತ್ತಿರದ್ದಕ್ಕೆ 15 ಮಿಲಿಮೀಟರಿನಷ್ಟು ಸಣ್ಣದೂ ಇರುತ್ತದೆ. ಪೆಲೆಟ್ ತೂತಿನೊಳಗೆ ಹೋದರೆ ತಗಡು ಬೀಳುತ್ತದೆ, ಒಂದು ಅಂಕ. ಸುತ್ತಲಿನ ತಗಡಿಗೆ ಎಲ್ಲಿ ಬಡಿದರೂ ಸೊನ್ನೆ. ಒಂದು ಗುರಿಗೆ ಒಂದೇ ಪೆಲೆಟ್. ಬಿದ್ದದ್ದನ್ನು ಎಬ್ಬಿಸಲು ತಗಡಿನಿಂದ ನಾವು ಕೂರುವ ಜಾಗದವರೆಗೆ ಒಂದು ದಾರ ಹಾಸಿರುತ್ತದೆ, ಎಳೆದರೆ ಎದ್ದು ನಿಲ್ಲುತ್ತದೆ.

ಎಷ್ಟು ದೂರ ಎಂದು ಯಾರೂ ಹೇಳುವುದಿಲ್ಲ. ಲೇಸರ್ ಮಾಪಕಕ್ಕೆ ಅನುಮತಿಯಿಲ್ಲ. ದೂರವನ್ನು ರೈಫಲಿನ ಮೇಲಿನ ದುರ್ಬೀನು, ಅಂದರೆ ಸ್ಕೋಪ್‌ನಿಂದಲೇ ಕಂಡುಕೊಳ್ಳಬೇಕು.

ಇದನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಸ್ಕೋಪ್‌ನ ಎಡಮಗ್ಗುಲಲ್ಲಿ ಫೋಕಸ್ ತಿರುಗಿಸುವ ಗುಂಡಿ ಇರುತ್ತದೆ. ಅದಕ್ಕೆ ಅಂಗೈಗಿಂತ ದೊಡ್ಡದಾದ ಒಂದು ಚಕ್ರ ಜೋಡಿಸುತ್ತೇವೆ. ಸ್ಕೋಪ್ 40 ಪಟ್ಟೋ 50 ಪಟ್ಟೋ ದೊಡ್ಡದಾಗಿ ತೋರಿಸುವಂತೆ ಏರಿಸಿದರೆ ಫೋಕಸ್ ಬಹಳ ಸೂಕ್ಷ್ಮವಾಗುತ್ತದೆ, ಎರಡು ಮೀಟರ್ ಆಚೀಚೆಯಾದರೂ ಚಿತ್ರ ಮಸುಕಾಗುತ್ತದೆ. ಯಾವ ದೂರಕ್ಕೆ ಚಕ್ರ ಎಲ್ಲಿಗೆ ಬಂದರೆ ಚಿತ್ರ ನಿಚ್ಚಳವಾಗುತ್ತದೆ ಎಂದು ಮೊದಲೇ ಅಳೆದು, ಚಕ್ರದ ಅಂಚಿಗೆ ಅಂಟಿಸಿದ ಪಟ್ಟಿಯ ಮೇಲೆ ಗುರುತು ಹಾಕಿಕೊಳ್ಳಬೇಕು. ಹತ್ತು ಮೀಟರಿಗೂ ಹದಿನೈದಕ್ಕೂ ನಡುವೆ ಪಟ್ಟಿಯಲ್ಲಿ ಧಾರಾಳ ಜಾಗ ಸಿಗುತ್ತದೆ. ನಲವತ್ತೈದಕ್ಕೂ ಐವತ್ತಕ್ಕೂ ನಡುವೆ ಕೆಲವೇ ಮಿಲಿಮೀಟರ್. ಚಕ್ರ ಅಷ್ಟು ದೊಡ್ಡದಿರುವುದು ಆ ಕೆಲವು ಮಿಲಿಮೀಟರಿಗಾಗಿಯೇ.

ನನ್ನ ಪಟ್ಟಿ ತಯಾರಿಸಲು ನಾಲ್ಕು ಮುಂಜಾವು ಹಿಡಿಯಿತು. ಅಳತೆ ಟೇಪು ಹಾಸಿ, ಮೀಟರಿಗೊಂದು ಗೂಟ ನೆಟ್ಟು, ಪ್ರತಿ ಗೂಟದ ಬಳಿ ಒಂದು ಹಳೆಯ ತಗಡು ನಿಲ್ಲಿಸಿ, ಒಂದೊಂದು ದೂರಕ್ಕೂ ಐದೈದು ಸಲ ಚಕ್ರ ತಿರುಗಿಸಿ ನೋಡಿದೆ. ಯಾವಾಗಲೂ ಒಂದೇ ದಿಕ್ಕಿನಿಂದ ಬರಬೇಕು ಎಂಬುದನ್ನು ಆಗ ಕಲಿತೆ. ಹತ್ತಿರದಿಂದ ದೂರಕ್ಕೆ ತಿರುಗಿಸಿದಾಗ ಸಿಗುವ ಗುರುತು ಒಂದು, ದೂರದಿಂದ ಹತ್ತಿರಕ್ಕೆ ಬಂದಾಗ ಸಿಗುವುದು ಇನ್ನೊಂದು. ಕಣ್ಣೂ ಮೋಸ ಮಾಡುತ್ತದೆ. ಮಸುಕಾದದ್ದನ್ನು ತಾನೇ ಸರಿಪಡಿಸಿಕೊಂಡು 'ಹಾಂ, ಚೆನ್ನಾಗಿ ಕಾಣುತ್ತಿದೆ' ಎನ್ನುತ್ತದೆ. ಹಾಗಾಗಿ ಎರಡು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಬಾರದು. ಕಣ್ಣು ಆಚೆ ಹೊರಳಿಸಿ, ಮತ್ತೆ ನೋಡಬೇಕು. ತಗಡಿನ ಅಂಚಿಗಿಂತ ದಾರದ ಗಂಟನ್ನು ನೋಡುವುದು ವಾಸಿ. ದಾರದ ಎಳೆ ಎಳೆ ಬಿಡಿಬಿಡಿಯಾಗಿ ಕಂಡ ಕ್ಷಣವೇ ಸರಿಯಾದ ಫೋಕಸ್.

ನಾಲ್ಕೂ ದಿನ ಮುಂಜಾವೇ. ಮುಂಜಾನೆ ಗಾಳಿ ಇರುವುದಿಲ್ಲ, ಬೆಳಕು ಹಿತವಾಗಿರುತ್ತದೆ ಎಂದು ಆ ಹೊತ್ತನ್ನು ಆರಿಸಿಕೊಂಡಿದ್ದೆ. ತಪ್ಪು ನಡೆದದ್ದು ಅಲ್ಲೇ, ಆದರೆ ಆಗ ತಿಳಿಯಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಮೊದಲ ಕೆಲಸ ರೈಫಲನ್ನು ಪೆಟ್ಟಿಗೆಯಿಂದ ತೆಗೆದು ನೆರಳಲ್ಲಿ ಇಡುವುದು. ಗಾಜು, ಲೋಹ ಎಲ್ಲವೂ ಹೊರಗಿನ ಹವೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ನನ್ನದು ಗಾಳಿ ತುಂಬಿಸುವ ಪಿಸಿಪಿ ರೈಫಲ್. ಸಿಲಿಂಡರಿಗೆ 200 ಬಾರ್‌ವರೆಗೆ ತುಂಬಿಸಿ, ಅಭ್ಯಾಸದ ಅಂಕಣದಲ್ಲಿ ಇಪ್ಪತ್ತು ಗುಂಡು ಹಾರಿಸಿ ಜೀರೋ, ಅಂದರೆ ಸ್ಕೋಪ್ ತೋರಿಸಿದಲ್ಲೇ ಪೆಲೆಟ್ ಬೀಳುತ್ತದೆಯೇ ಎಂದು, ನೋಡಿಕೊಂಡೆ. ಆಮೇಲೆ ಪೆಲೆಟ್‌ನ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಸಾಲು. ಅಂತಾರಾಷ್ಟ್ರೀಯ ನಿಯಮದಲ್ಲಿ ಪೆಲೆಟ್‌ನ ಶಕ್ತಿಗೆ ಮಿತಿ 12 ಅಡಿ-ಪೌಂಡ್, ಅಂದರೆ 16.27 ಜೂಲ್. ಬ್ರಿಟನ್ನಿನ ಕಾನೂನಿನಲ್ಲಿ ಏರ್ ರೈಫಲ್‌ಗೆ 1969ರಿಂದ ಇದ್ದ ಮಿತಿ ಅದು, ಆಟ ಅಲ್ಲಿ ಹುಟ್ಟಿದ್ದರಿಂದ ಅದರ ಜೊತೆಗೇ ಬಂತು. ನನ್ನ 4.5 ಮಿಲಿಮೀಟರಿನ ಪೆಲೆಟ್ ತೂಗುವುದು 0.547 ಗ್ರಾಂ. ಮೂರು ಗುಂಡಿನ ವೇಗ ಸೆಕೆಂಡಿಗೆ 239, 240, 240 ಮೀಟರ್. ಲೆಕ್ಕ ಹಾಕಿದರೆ 15.7 ಜೂಲಿನ ಆಸುಪಾಸು. ಮಿತಿಗೆ ತೀರಾ ಅಂಟಿಕೊಂಡು ಇಟ್ಟರೆ ಬಿಸಿಲೇರಿದಾಗ ದಾಟಿಬಿಡುವ ಭಯವಿರುತ್ತದೆ, ಅದಕ್ಕೇ ಸ್ವಲ್ಪ ಕೆಳಗೇ ಇಟ್ಟಿದ್ದೆ.

ಮುಖ್ಯ ಮಾರ್ಷಲ್ ಎಲ್ಲರನ್ನೂ ಸೇರಿಸಿ ನಿಯಮ ಹೇಳಿದರು. ಸೀಟಿ ಊದಿದ ಕ್ಷಣ ಎಲ್ಲರೂ ನಿಲ್ಲಿಸಬೇಕು, ನಳಿಗೆ ಕೆಳಕ್ಕೆ, ಬೆರಳು ಟ್ರಿಗರ್‌ನಿಂದ ಆಚೆ. ಒಂದೊಂದು ಲೇನ್‌ಗೆ, ಅಂದರೆ ಹೊಡೆಯಲು ಕೂರುವ ಒಂದೊಂದು ಜಾಗಕ್ಕೆ, ಎರಡು ಗುರಿ, ಎರಡು ನಿಮಿಷ. ಲೇನ್‌ನಲ್ಲಿ ಕೂತವರಿಗೆ ಬೇರೆ ಯಾರೂ ಸಲಹೆ ಕೊಡುವಂತಿಲ್ಲ. ಇದನ್ನು ಅವರು ಎರಡು ಸಲ ಹೇಳಿದರು.

ಇಬ್ಬಿಬ್ಬರನ್ನು ಜೋಡಿ ಮಾಡಿ, ಒಂದೊಂದು ಜೋಡಿಯನ್ನು ಒಂದೊಂದು ಲೇನ್‌ನಿಂದ ಶುರು ಮಾಡಿಸುತ್ತಾರೆ. ನಮಗೆ ಬಂದದ್ದು ಏಳನೇ ಲೇನ್. ನನ್ನ ಜೊತೆಗಾರರು ಅರವತ್ತರ ಆಸುಪಾಸಿನವರು, ವರ್ಷಗಟ್ಟಲೆ ಈ ಆಟ ಆಡಿದವರು. ನಾನು ಹೊಡೆಯುವಾಗ ಅವರು ಸ್ಟಾಪ್‌ವಾಚ್ ಹಿಡಿದು ನನ್ನ ಕಾರ್ಡಿನಲ್ಲಿ ಗುರುತು ಹಾಕುತ್ತಾರೆ, ಅವರು ಹೊಡೆಯುವಾಗ ಅವರದ್ದಕ್ಕೆ ನಾನು. "ಮೊದಲನೇ ಸಲಾನಾ?" ಎಂದರು. ಹೌದು ಸರ್ ಎಂದೆ. "ನಿಧಾನಕ್ಕೆ ಹೊಡೀರಿ. ಎರಡು ನಿಮಿಷ ಬೇಕಾದಷ್ಟಾಗತ್ತೆ" ಎಂದಷ್ಟೇ ಹೇಳಿ ತಮ್ಮ ರೈಫಲಿನ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಿದರು. ಆ ಬಟ್ಟೆಗೆ ನಾನು ಗಮನ ಕೊಡಲಿಲ್ಲ.

ನೆಲದ ಮೇಲೆ ಬೀನ್ ಬ್ಯಾಗ್ ಹಾಕಿ, ಅದರ ಮೇಲೆ ಕೂತು, ಎರಡೂ ಮಂಡಿ ಮಡಚಿ, ಎಡ ಮಂಡಿಯ ಮೇಲೆ ರೈಫಲ್ ಊರುವುದು ಇಲ್ಲಿನ ಸಾಮಾನ್ಯ ಭಂಗಿ. ಮೈ ಸರಿಯಾಗಿ ಕೂತರೆ ಸ್ನಾಯು ಬಿಗಿಯುವ ಕೆಲಸವೇ ಇರುವುದಿಲ್ಲ. ಮೂಳೆಯ ಮೇಲೆ ಮೂಳೆ ನಿಂತು ರೈಫಲ್ ತಾನಾಗಿಯೇ ನಿಲ್ಲುತ್ತದೆ. ಮೊದಲ ಗುರಿ ಮೊಲ, 31 ಮೀಟರ್. ಸ್ಕೋಪ್‌ನ ನೆತ್ತಿಯಲ್ಲಿ ಎತ್ತರ ಹೊಂದಿಸಲು ಇರುವ ಗುಂಡಿಯನ್ನು, ಅಂದರೆ ಟರೆಟ್ ಅನ್ನು, ಆ ದೂರಕ್ಕೆ ತಿರುಗಿಸಿ, ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬೆರಳು ಒತ್ತಿದೆ. ಟಣ್. ಎದೆ ಹಗುರಾಯಿತು.

ಎರಡನೆಯದು ಇಲಿ, 11 ಮೀಟರ್, 15 ಮಿಲಿಮೀಟರ್ ತೂತು. ಹೊಸಬರು ಇಂಥದ್ದರಲ್ಲೇ ಸೋಲುತ್ತಾರೆ. ಸ್ಕೋಪ್ ನಳಿಗೆಗಿಂತ ಐದು ಸೆಂಟಿಮೀಟರ್ ಮೇಲಿರುತ್ತದೆ. ಪೆಲೆಟ್ ಕೆಳಗಿನಿಂದ ಹೊರಟು, ನೋಟದ ಗೆರೆಯನ್ನು ಸೇರಿ, ಮುಂದೆ ಮತ್ತೆ ಕೆಳಗಿಳಿಯುತ್ತದೆ. ಹಾಗಾಗಿ ಕೈಗೆಟುಕುವಷ್ಟು ಹತ್ತಿರವಿರುವ ಗುರಿಗೆ ಪೆಲೆಟ್ ಗೆರೆಯ ಕೆಳಗೇ ಬೀಳುತ್ತದೆ. ಹತ್ತು ಮೀಟರಿಗೆ ನನ್ನ ಟರೆಟ್‌ನಲ್ಲಿ ಎಷ್ಟು ಕ್ಲಿಕ್ ಏರಿಸಬೇಕೋ ಐವತ್ತು ಮೀಟರಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಈ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಇಲಿ ಬಿತ್ತು.

ಹತ್ತು ಲೇನ್ ಮುಗಿಯುವಷ್ಟರಲ್ಲಿ 20ಕ್ಕೆ 17. ತಪ್ಪಿದ ಮೂರರಲ್ಲಿ ಎರಡು ಗಾಳಿಗೆ ಹೋದವು. ಗಾಳಿಯನ್ನು ಕುರಿತು ಎಷ್ಟು ಓದಿದ್ದರೂ ಅದನ್ನು ಎದುರಿಸುವುದೇ ಬೇರೆ. ಗಂಟೆಗೆ ಐದು ಕಿಲೋಮೀಟರ್ ವೇಗದ ಗಾಳಿ ಎಂದರೆ ಎಲೆ ಅಲುಗಾಡುವಷ್ಟು, ಕೆನ್ನೆಗೆ ತಾಗಿ ಹೋಗುವಷ್ಟು. ಅದು ಅಡ್ಡಲಾಗಿ ಬೀಸಿದರೆ 25 ಮೀಟರಿನಲ್ಲಿ ನನ್ನ ಪೆಲೆಟನ್ನು ತಳ್ಳುವುದು ಒಂದು ಸೆಂಟಿಮೀಟರಿನಷ್ಟು. 50 ಮೀಟರಿನಲ್ಲಿ ಅದೇ ಗಾಳಿ ಮೂರೂವರೆ, ನಾಲ್ಕು ಸೆಂಟಿಮೀಟರ್ ತಳ್ಳುತ್ತದೆ. ದೂರ ಇಮ್ಮಡಿಯಾದರೆ ತಳ್ಳುವುದು ಸುಮಾರು ನಾಲ್ಮಡಿ. ತೂತಿನ ನಡುವಿನಿಂದ ಅಂಚಿಗೆ ಇರುವುದು ಎರಡೇ ಸೆಂಟಿಮೀಟರ್, ಅಂದಮೇಲೆ ಕ್ರಾಸ್‌ಹೇರನ್ನು ತೂತಿನ ಆಚೆಗಿಟ್ಟು, ಖಾಲಿ ತಗಡಿಗೆ ಗುರಿ ಹಿಡಿದು ಹೊಡೆಯಬೇಕು. ಮನಸ್ಸು ಒಪ್ಪುವುದಿಲ್ಲ. ಬೆರಳು ಒತ್ತುವ ಕೊನೆಯ ಗಳಿಗೆಯಲ್ಲಿ ನನ್ನ ಕೈ ತಾನಾಗಿಯೇ ಕ್ರಾಸ್‌ಹೇರನ್ನು ತೂತಿನ ಕಡೆಗೆ ಎಳೆದುಕೊಂಡಿತು, ಎರಡು ಸಲವೂ. ನಳಿಗೆಯ ತುದಿಗೆ ಕಟ್ಟಿದ ಉಣ್ಣೆ ಎಳೆ ಗಾಳಿಯ ದಿಕ್ಕನ್ನು ತೋರಿಸುತ್ತಲೇ ಇತ್ತು. ನಾನೇ ನಂಬಲಿಲ್ಲ.

ಮೂರನೆಯದು ತೂತಿನ ಅಂಚಿಗೆ ಬಡಿದು ಎರಡಾಯಿತು. ತಗಡು ನಡುಗಿತು, ಬೀಳಲಿಲ್ಲ. ತಗಡಿನಲ್ಲೇ ದೋಷವಿದೆ ಎಂದು ಮಾರ್ಷಲರನ್ನು ಕರೆಸಿದೆ. ಅವರು ಪರೀಕ್ಷೆಗೆ ಒಂದು ಗುಂಡು ಹೊಡೆಸಿದರು, ತಗಡು ಸಲೀಸಾಗಿ ಮಲಗಿತು. ನನ್ನ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಅದು ನ್ಯಾಯವೇ.

ಅಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಹದಿನೇಳನೇ ಲೇನ್ ಮರಗಳ ನೆರಳಿನಿಂದ ಹೊರಗೆ, ಬಟ್ಟಬಯಲಲ್ಲಿ. ಹತ್ತಿರದ ಅಳಿಲು ಬಿತ್ತು. ಹಿಂದಿದ್ದ ಕಾಗೆಗೆ ಚಕ್ರ 46 ಮೀಟರ್ ತೋರಿಸಿತು. ಗಾಳಿ ನಿಂತಿತ್ತು. ಕ್ರಾಸ್‌ಹೇರ್ ತೂತಿನ ನಟ್ಟನಡುವೆ ಅಲುಗದೆ ನಿಂತಿತು. ಇಡೀ ದಿನದಲ್ಲಿ ನಾನು ಹೊಡೆದ ಅತ್ಯಂತ ಒಳ್ಳೆಯ ಗುಂಡು ಅದು ಎಂದು ಈಗಲೂ ಹೇಳುತ್ತೇನೆ. ಟಪ್.

ಹದಿನೆಂಟರಲ್ಲೂ ಹಾಗೆಯೇ. ಹತ್ತಿರದ್ದು ಬಿತ್ತು, ದೂರದ್ದು ಬೀಳಲಿಲ್ಲ. ಹತ್ತೊಂಬತ್ತರಲ್ಲಿ ಎರಡೂ ದೂರದವೇ, ಎರಡೂ ಬೀಳಲಿಲ್ಲ. ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಮೂರು ಲೇನ್‌ನಲ್ಲಿ ನಾಲ್ಕು ಸೊನ್ನೆ. ಟ್ರಿಗರನ್ನು ಜಗ್ಗಿ ಎಳೆದುಬಿಟ್ಟೆನೇ? ಗಾಳಿ ಖಾಲಿಯಾಯಿತೇ? ಮಾಪಕ ನೋಡಿದರೆ 150 ಬಾರ್, ಏನೂ ತೊಂದರೆಯಿಲ್ಲ. ಸ್ಕೋಪ್ ಎಲ್ಲಾದರೂ ತಾಗಿ ಜೀರೋ ಕದಲಿತೇ? ಕದಲಿದ್ದರೆ ಹತ್ತಿರದವೂ ತಪ್ಪಬೇಕಿತ್ತು.

ಎದ್ದು ಬರುವ ಮುನ್ನ, ಸಮಯ ಇನ್ನೂ ಉಳಿದಿದ್ದರಿಂದ, ಸ್ಕೋಪ್‌ನಲ್ಲಿ ಆ ಎರಡು ತಗಡುಗಳನ್ನು ಇನ್ನೊಮ್ಮೆ ನೋಡಿದೆ. ಬೆಳಿಗ್ಗೆಯಿಂದ ಹಲವರು ಹೊಡೆದಿದ್ದರು. ತಪ್ಪಿದ ಪ್ರತಿ ಪೆಲೆಟ್ ಬಣ್ಣ ಕಿತ್ತು, ಸೀಸದ ಒಂದು ಬೂದು ಚುಕ್ಕೆ ಬಿಟ್ಟು ಹೋಗಿರುತ್ತದೆ. ಬೇರೆಯವರ ಚುಕ್ಕೆಗಳು ತೂತಿನ ಎಡಬಲಕ್ಕೆ ಹರಡಿದ್ದವು, ಗಾಳಿಗೆ ಸೋತವರವು. ನನ್ನದು ಯಾವುದು ಎಂದು ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಹೊಸದಾದ್ದರಿಂದ ಹೊಳೆಯುತ್ತಿತ್ತು. ತೂತಿನ ನೇರ ಕೆಳಗೆ, ಅಂಚಿನಿಂದ ಅರ್ಧ ಸೆಂಟಿಮೀಟರ್. ಎರಡನೇ ತಗಡಿನಲ್ಲೂ ಅಷ್ಟೇ, ಅದೇ ಜಾಗ. ಕೈ ನಡುಗಿದವರ ಚುಕ್ಕೆ ಹೀಗೆ ಒಂದರ ಹಾಗೆ ಇನ್ನೊಂದು ಬೀಳುವುದಿಲ್ಲ.

ಇಪ್ಪತ್ತನೆಯದು ಕೊನೆಯ ಲೇನ್, ಅದಾದ ಮೇಲೆ ಸುತ್ತಿ ಒಂದನೆಯದು. ಇವೆರಡೂ ನಿಂತು ಹೊಡೆಯುವಂಥವು. ಐದು ಕಿಲೋ ಭಾರದ ರೈಫಲನ್ನು ಎತ್ತಿ ಹಿಡಿದರೆ ಕ್ರಾಸ್‌ಹೇರ್ ತೂತಿನ ಸುತ್ತ ಎಂಟರ ಆಕಾರದಲ್ಲಿ ಅಲೆಯುತ್ತಿರುತ್ತದೆ. ನಾಲ್ಕರಲ್ಲಿ ಒಂದೇ ಬಿತ್ತು. ನಿಂತು ಹೊಡೆಯುವ ಅಭ್ಯಾಸ ನನಗೆ ಸಾಲದು, ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ. 30ಕ್ಕೆ 20.

ಒಂದನೇ ಲೇನ್‌ನಲ್ಲಿ ಜೊತೆಗಾರರ ಸರದಿ ಬಂದಾಗ ಕಾರ್ಡು ಹಿಡಿದು ಅವರ ಎಡಗಡೆ ನಿಂತಿದ್ದೆ. ಅವರು ಬಿಳಿ ಬಟ್ಟೆ ತೆಗೆದು ಪಕ್ಕಕ್ಕಿಟ್ಟರು. ಆಗ ಅವರ ಚಕ್ರ ಕಣ್ಣಿಗೆ ಬಿತ್ತು. ಅಂಚಿನಲ್ಲಿ ಒಂದಲ್ಲ, ಅಕ್ಕಪಕ್ಕ ಎರಡು ಪಟ್ಟಿ. ಒಂದು ನೀಲಿ, ಒಂದು ಕೆಂಪು. ಎರಡರಲ್ಲೂ ಅವೇ ಅಂಕಿಗಳು, ಆದರೆ ಒಂದರ 50 ಇನ್ನೊಂದರ 50ಕ್ಕೆ ನೇರವಾಗಿರಲಿಲ್ಲ. ಸ್ಕೋಪ್‌ನ ಕೊಳವೆಯ ಮೇಲೆ ಉಗುರಿನಷ್ಟಗಲದ ಒಂದು ಥರ್ಮಾಮೀಟರ್ ಅಂಟಿಸಿದ್ದರು. ಅವರು ಮೊದಲು ಅದನ್ನು ನೋಡಿದರು, ಆಮೇಲೆ ಚಕ್ರ ತಿರುಗಿಸಿ ಕೆಂಪು ಪಟ್ಟಿ ಓದಿದರು.

ನಿಂತಲ್ಲೇ ಎಲ್ಲವೂ ಸರಿಹೊಂದಿತು. ಬಿಸಿಯಾದರೆ ಸ್ಕೋಪ್‌ನ ಒಳಗಿನ ಲೋಹವೂ ಗಾಜೂ ಕೂದಲೆಳೆಯಷ್ಟು ಹಿಗ್ಗುತ್ತವೆ. ಅಷ್ಟಕ್ಕೇ ಫೋಕಸ್ ಸಿಗುವ ಜಾಗ ಸರಿಯುತ್ತದೆ. ಹತ್ತಿರದಲ್ಲಿ ಗುರುತುಗಳ ನಡುವೆ ಜಾಗ ಹೆಚ್ಚಿರುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. 45ರಿಂದ ಆಚೆಗೆ ಕೆಲವೇ ಮಿಲಿಮೀಟರಿನಲ್ಲಿ ಐದು ಮೀಟರ್ ಅಡಗಿರುತ್ತದೆ, ಅಲ್ಲಿ ಸ್ವಲ್ಪ ಸರಿದರೂ ಲೆಕ್ಕ ತಲೆಕೆಳಗು. ನನ್ನ ಪಟ್ಟಿ ಮುಂಜಾವಿನ ತಂಪಿನಲ್ಲಿ ಬರೆದದ್ದು. ಮಧ್ಯಾಹ್ನದ ಬಿಸಿಲಲ್ಲಿ ಅದು 46 ಎಂದದ್ದು ನಿಜಕ್ಕೂ 50 ಇದ್ದಿರಬೇಕು. ಆ ದೂರದಲ್ಲಿ ನಾಲ್ಕು ಮೀಟರ್ ಕಡಿಮೆ ಎಂದುಕೊಂಡರೆ ಪೆಲೆಟ್ ಎರಡೂವರೆ ಸೆಂಟಿಮೀಟರ್ ಕೆಳಗಿಳಿಯುತ್ತದೆ. ತೂತಿನ ನಡುವಿನಿಂದ ಅಂಚಿಗೆ ಎರಡು, ಅಂಚಿನಿಂದ ಚುಕ್ಕೆಗೆ ಅರ್ಧ.

ಎಲ್ಲ ಸ್ಕೋಪ್‌ಗಳೂ ಒಂದೇ ಕಡೆಗೆ ಸರಿಯುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕೆಲವು ದೂರವನ್ನು ಹೆಚ್ಚು ತೋರಿಸುತ್ತವೆ, ಕೆಲವು ಕಡಿಮೆ. ನನ್ನದು ಕಡಿಮೆ ತೋರಿಸುತ್ತದೆ. ನಿಮ್ಮದನ್ನು ನೀವೇ ಅಳೆಯಬೇಕು.

ಉಳಿದದ್ದು ಐದು ಲೇನ್. ಟವೆಲ್ ತೆಗೆದು ಸ್ಕೋಪ್ ಮೇಲೆ ಹೊದಿಸಿದೆ, ನಡೆಯುವಾಗ ನನ್ನ ನೆರಳಲ್ಲೇ ರೈಫಲ್ ಹಿಡಿದೆ. ಎರಡನೇ ಲೇನ್‌ನ ದೂರದ ಗುರಿ ಒಂದು ಪಾರಿವಾಳ. ದಾರದ ಗಂಟಿನ ಮೇಲೆ ಫೋಕಸ್ ಹಿಡಿದೆ, ಚಕ್ರ 44 ಎಂದಿತು. ನಾನು 47 ಎಂದುಕೊಂಡೆ. ನಾಲ್ಕು ಮುಂಜಾವು ಕೂತು ನನ್ನ ಕೈಯಾರೆ ಬರೆದ ಅಂಕಿಯನ್ನು ಪಕ್ಕಕ್ಕಿಟ್ಟು, ಎರಡು ಬೂದು ಚುಕ್ಕೆಗಳ ಮಾತು ಕೇಳುವುದು ಸುಲಭವಾಗಿರಲಿಲ್ಲ. 47ರ ಕ್ಲಿಕ್ ಹಾಕಿದೆ. ಉಣ್ಣೆ ಎಳೆ ಬಲಕ್ಕೆ ಸ್ವಲ್ಪ ಎದ್ದಿತ್ತು. ಕ್ರಾಸ್‌ಹೇರನ್ನು ತೂತಿನ ಎಡ ಅಂಚಿಗಿಟ್ಟೆ, ಅದು ನಡುವಿಗೆ ಬರಲು ಹವಣಿಸಿದಾಗ ಬಿಡಲಿಲ್ಲ. ಬೆರಳು ಒತ್ತಿದ ಮೇಲೂ ಕಣ್ಣು ಕದಲಿಸದೆ ನೋಡುತ್ತಿದ್ದೆ. ಬೆಳಕು ಹಿಂದಿನಿಂದ ಬೀಳುತ್ತಿದ್ದುದರಿಂದ ಪೆಲೆಟ್ ಹೋಗುವುದು ಸ್ಕೋಪ್‌ನಲ್ಲೇ ಕಂಡಿತು. ಒಂದು ಬೆಳ್ಳಿ ಚುಕ್ಕೆ ಎಡದಿಂದ ಬಾಗಿ ಬಂದು ಹಳದಿ ತೂತಿನೊಳಗೆ ಮಾಯವಾಯಿತು. ಟಣ್.

ಆ ಐದು ಲೇನ್‌ಗಳಲ್ಲಿ ಹತ್ತಕ್ಕೆ ಎಂಟು ಬಿದ್ದವು. ಹೋದ ಎರಡೂ ಗಾಳಿಗೆ ಹೋದವು, ಚುಕ್ಕೆಗಳು ತೂತಿನ ಮಟ್ಟಕ್ಕೇ ಪಕ್ಕದಲ್ಲಿದ್ದವು. ಎತ್ತರ ತಪ್ಪಿರಲಿಲ್ಲ. ಆ ಎರಡು ಸೊನ್ನೆಗಳನ್ನು ನೋಡಿಯೂ ನನಗೆ ಸಮಾಧಾನವೇ ಆಯಿತು.

ಕೊನೆಯ ಸೀಟಿ ಊದಿದ ಮೇಲೆ ಜೊತೆಗಾರರು ಕಾರ್ಡಿಗೆ ಸಹಿ ಹಾಕಿ ಕೊಟ್ಟರು. ಅವರದ್ದು 36. "ಹದಿನೆಂಟನೇ ಲೇನ್‌ನಲ್ಲೇ ನನಗೆ ಗೊತ್ತಾಯ್ತು" ಎಂದರು. "ಬೈನಾಕ್ಯುಲರ್‌ನಲ್ಲಿ ನೋಡ್ತಿದ್ದೆ, ಎರಡೂ ನೇರ ಕೆಳಗೆ. ಆದರೆ ಹೇಳೋ ಹಾಗಿರಲಿಲ್ಲ. ನೀವೇ ಕಂಡ್ಕೊಳ್ತೀರಾ ಅಂತ ಕಾಯ್ತಾ ಇದ್ದೆ."

"ನಿಮ್ಮ ಪಟ್ಟಿ ನೋಡಿದ ಮೇಲೆ ಹೊಳೀತು ಸರ್."

"ನೋಡೋದಕ್ಕೆ ನಿಯಮ ಅಡ್ಡಿಯಿಲ್ಲ" ಎಂದು ನಕ್ಕು, ಕೆಂಪು ಪಟ್ಟಿಯನ್ನು ಹೇಗೆ ಬರೆದರೆಂದು ಅರ್ಧ ಗಂಟೆ ಕೂತು ಹೇಳಿಕೊಟ್ಟರು. ರೈಫಲನ್ನು ಒಂದು ಗಂಟೆ ಬಿಸಿಲಲ್ಲಿ ಇಡಬೇಕು, ಥರ್ಮಾಮೀಟರ್ ಏರುವುದು ನಿಂತ ಮೇಲೆ ಅಳೆಯಬೇಕು, ನೆರಳಿನ ಗುರಿ ಒಂದು ಸಲ, ಬಿಸಿಲಿನ ಗುರಿ ಒಂದು ಸಲ.

ಮುಂದಿನ ವಾರ ಅದೇ ಗೂಟಗಳನ್ನು ಮತ್ತೆ ನೆಟ್ಟೆ, ಈ ಸಲ ಮಟಮಟ ಮಧ್ಯಾಹ್ನ. ಕೊಳವೆಯ ಮೇಲಿನ ಥರ್ಮಾಮೀಟರ್ 38 ಡಿಗ್ರಿ ತೋರಿಸುತ್ತಿತ್ತು. ಐವತ್ತನೇ ಗೂಟದ ತಗಡಿನ ಮೇಲೆ ಐದು ಸಲ ಫೋಕಸ್ ಹಿಡಿದೆ. ಐದೂ ಸಲ ಹಳೆಯ ಪಟ್ಟಿಯ 46ರ ಗುರುತಿನ ಮೇಲೆಯೇ ಚಕ್ರ ನಿಂತಿತು. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 50 ಎಂದು ಬರೆದೆ.